ವಿಂಡೋಸ್ 10 ಮುಗಿಯಿತು, ಹಳೇ ಡೆಸ್ಕ್‌ಟಾಪ್‌ಗೆ ಮುಂದೇನು?

"ಕಂಪ್ಯೂಟರ್ ಚೆನ್ನಾಗಿಯೇ ಓಡ್ತಿದೆ. ಆದರೆ ವಿಂಡೋಸ್ 11 ಹಾಕೋಕೆ ಆಗಲ್ಲ ಅಂತ ಬರ್ತಿದೆ. ಹೊಸದು ತಗೋಬೇಕಾ?"

ನನಗೆ ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಕೇಳುವವರು ಬೇರೆ ಬೇರೆ. ರಿಟೈರ್ ಆದ ಮೇಷ್ಟ್ರು, ಅಂಗಡಿಯ ಲೆಕ್ಕ ಬರೆಯುವವರು, ಪ್ರಿಂಟಿಂಗ್ ಪ್ರೆಸ್‌ನ ಹುಡುಗ, ಮಗಳ ಓದಿಗೆಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದ ಅಮ್ಮ. ಪ್ರಶ್ನೆ ಒಂದೇ ಆದರೂ ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಯಾರೋ ಒಬ್ಬರು ಖಂಡಿತ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ವಿಷಯ ಇಷ್ಟು. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಹಾಗಂತ ಮಾರನೇ ದಿನ ಯಾರ ಕಂಪ್ಯೂಟರೂ ಕೈಕೊಡಲಿಲ್ಲ. ಎಲ್ಲ ಮೊದಲಿನ ಹಾಗೇ ನಡೆಯುತ್ತದೆ. ಆದರೆ ಅದರಲ್ಲಿ ಹೊಸದಾಗಿ ಏನಾದರೂ ತೂತು ಪತ್ತೆಯಾದರೆ ಮುಚ್ಚುವವರಿಲ್ಲ. ಬ್ಯಾಂಕ್ ವ್ಯವಹಾರ, ಆಧಾರ್ ಪ್ರತಿ, ಮನೆ ಫೋಟೋ ಎಲ್ಲ ಅದರಲ್ಲೇ ಇಟ್ಟುಕೊಂಡವರು ಸುಮ್ನೆ ಕೂರುವ ಹಾಗಿಲ್ಲ.

ಮುಂದಿರುವ ದಾರಿ ನಾಲ್ಕು. ವಿಂಡೋಸ್ 10ಕ್ಕೆ ಹೆಚ್ಚುವರಿ ಅಪ್‌ಡೇಟ್ ಪಡೆದು ಸ್ವಲ್ಪ ದಿನ ತಳ್ಳುವುದು. ವಿಂಡೋಸ್ 11ಕ್ಕೆ ಹೋಗುವುದು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕುವುದು. ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕುವುದು.

ಮೊದಲು ಇಷ್ಟು ನೋಡಿಕೊಳ್ಳಿ

ಎಲ್ಲರೂ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಅಂತ ಶುರುಮಾಡುತ್ತಾರೆ. ನಾನು ಮೊದಲು ಕೇಳುವುದು ಬೇರೆ: ನಿಮಗೆ ಬಿಡೋಕೆ ಆಗದ ಪ್ರೋಗ್ರಾಂ ಯಾವುದು? ಒಂದು ಹಾಳೆ ತಗೊಂಡು ಒಂದು ವಾರ ನೀವು ಕಂಪ್ಯೂಟರಿನಲ್ಲಿ ತೆರೆಯುವುದನ್ನೆಲ್ಲ ಬರೆದಿಡಿ. ಬ್ರೌಸರ್, ವಾಟ್ಸಾಪ್ ವೆಬ್, ಯೂಟ್ಯೂಬ್ ಇಷ್ಟೇ ಇದ್ದರೆ ನಿಮಗೆ ನಾಲ್ಕು ದಾರಿಯೂ ತೆರೆದಿದೆ. ಆ ಹಾಳೆಯಲ್ಲಿ ಟ್ಯಾಲಿ ಅಂತ ಇದ್ದರೆ ನೀವು ವಿಂಡೋಸ್‌ನಲ್ಲೇ ಇರಬೇಕು. ಜಿಎಸ್‌ಟಿ ಕೆಲಸದ ಡಿಜಿಟಲ್ ಸಹಿಯ ಟೋಕನ್, ಡಾಂಗಲ್ (ಲೈಸೆನ್ಸ್ ಇರುವ ಚಿಕ್ಕ ಪ್ಲಗ್) ಸಿಕ್ಕಿಸಿದರೆ ಮಾತ್ರ ಓಡುವ ಡಿಟಿಪಿ ಪ್ರೋಗ್ರಾಂ, ಪೇಜ್‌ಮೇಕರ್ ಇದ್ದರೂ ಹೆಚ್ಚುಕಡಿಮೆ ಹಾಗೇ.

ಎರಡನೆಯದು ಕನ್ನಡ. ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವುದೇ ಇಲ್ಲ. ನಿಮ್ಮ ಹಳೇ ಕಡತ ಒಂದನ್ನು ತೆರೆಯಿರಿ. ಒಂದು ಸಾಲು ಆರಿಸಿ ಫಾಂಟನ್ನು 'ನಿರ್ಮಲಾ ಯುಐ'ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗಿಬಿಟ್ಟರೆ ಅದು ಹಳೇ ಆಸ್ಕಿ ಪದ್ಧತಿಯದು, ನುಡಿ 01 ಇ ತರಹದ ಫಾಂಟಿನಲ್ಲಿ ಬರೆದದ್ದು. ನಿಮ್ಮ ಹತ್ತಿರ ಅಂಥ ಕಡತ ಎಷ್ಟಿವೆ, ಈಗಲೂ ಹೊಸದಾಗಿ ಹಾಗೇ ಬರೆಯುತ್ತಿದ್ದೀರಾ ಅನ್ನುವುದರ ಮೇಲೆ ತುಂಬಾ ನಿಂತಿದೆ.

ಮೂರನೆಯದು ಯಂತ್ರ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ 'ಪರ್ಫಾರ್ಮೆನ್ಸ್' ನೋಡಿ. ಇಂಟೆಲ್ ಆದರೆ ಪ್ರೊಸೆಸರ್ ಹೆಸರಿನಲ್ಲಿ ಅಡ್ಡಗೆರೆ ಆದಮೇಲಿನ ಅಂಕಿ ಗಮನಿಸಿ. ಐ3-3220 ಅಂದರೆ ಮೂರನೇ ತಲೆಮಾರು, ಐ5-8400 ಅಂದರೆ ಎಂಟನೆಯದು. ಐ5-10400 ತರಹ ಐದು ಅಂಕಿ ಇದ್ದರೆ ಮೊದಲ ಎರಡು ಅಂಕಿ ತಗೊಳ್ಳಿ, ಅದು ಹತ್ತನೆಯದು. ಅಲ್ಲೇ ಕೆಳಗೆ ಡಿಸ್ಕ್ ಎಚ್‌ಡಿಡಿಯೋ (ಸುತ್ತುವ ಹಳೇ ಬಗೆ) ಎಸ್‌ಎಸ್‌ಡಿಯೋ (ಸುತ್ತದ, ವೇಗದ ಬಗೆ) ಅಂತಲೂ ಕಾಣುತ್ತದೆ.

ಎಚ್‌ಡಿಡಿ ಅಂತ ಇದ್ದರೆ ಯಾವ ಓಎಸ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಒಂದು ಸಾಟಾ ಎಸ್‌ಎಸ್‌ಡಿ ತನ್ನಿ. ಇದನ್ನು ನಾನು ಒತ್ತಿ ಹೇಳುತ್ತೇನೆ. "ಕಂಪ್ಯೂಟರ್ ಹಳೇದಾಯ್ತು, ಸ್ಲೋ ಆಗಿದೆ" ಅಂತ ಜನ ಹೇಳುವಾಗ ಎಷ್ಟೋ ಸಲ ಹಳೇದಾಗಿರುವುದು ಆ ಸುತ್ತುವ ಡಿಸ್ಕ್ ಒಂದೇ. 240 ಅಥವಾ 256 ಜಿಬಿಯ ಚಿಕ್ಕದೇ ಸಾಕು. ಫೋಟೋ, ವಿಡಿಯೋ ಹಳೇ ಡಿಸ್ಕ್‌ನಲ್ಲೇ ಇರಲಿ.

ಇನ್ನೆರಡು ಬೇಗ ಹೇಳಿಬಿಡುತ್ತೇನೆ. ಪ್ರಿಂಟರ್, ಸ್ಕ್ಯಾನರ್‌ಗಳ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ಏನಾದರೂ ಕೆಟ್ಟರೆ ಬಂದು ನೋಡುವವರು ಯಾರು ಅಂತಲೂ ಯೋಚಿಸಿ. ಊರಿನ ಕಂಪ್ಯೂಟರ್ ಅಂಗಡಿಯವರಿಗೆ ವಿಂಡೋಸ್ ಗೊತ್ತಿರುತ್ತದೆ. ಲಿನಕ್ಸ್ ಗೊತ್ತಿರುವವರು ಕಡಿಮೆ.

ವಿಂಡೋಸ್ 10ರಲ್ಲೇ ಉಳಿಯುವುದು

ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಕೊಡುತ್ತದೆ. ಇದಕ್ಕೆ ಇಎಸ್‌ಯು ಅಂತ ಹೆಸರು. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಹೆಸರು ನೋಂದಾಯಿಸುವ ಲಿಂಕ್ ಕಾಣುತ್ತದೆ. 30 ಡಾಲರ್ ಕಟ್ಟಬಹುದು, ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿಕೊಂಡು ಪುಕ್ಕಟೆ ಪಡೆಯಬಹುದು. ಒಂದು ಖಾತೆಯಲ್ಲಿ ಹತ್ತು ಕಂಪ್ಯೂಟರ್‌ವರೆಗೆ ನಡೆಯುತ್ತದೆ.

ಏನನ್ನೂ ಅಳಿಸಬೇಕಿಲ್ಲ, ಹೊಸದಾಗಿ ಕಲಿಯಬೇಕಿಲ್ಲ, ಪ್ರಿಂಟರ್ ಹಾಗೇ ಇರುತ್ತದೆ, ನುಡಿ ಹಾಗೇ ಇರುತ್ತದೆ. ಆದರೆ ಇದು ಸಮಯ ಕೊಳ್ಳುವ ದಾರಿ ಅಷ್ಟೇ. ಹಣಕಾಸು ವರ್ಷ ಮುಗಿಸಿಕೊಂಡು ಆಮೇಲೆ ಯಂತ್ರ ಬದಲಿಸೋಣ ಅನ್ನುವ ಅಂಗಡಿಯವರಿಗೆ ಸರಿ. ಐದು ವರ್ಷ ಇದೇ ಯಂತ್ರ ಓಡಿಸಬೇಕು ಅಂದುಕೊಂಡವರಿಗೆ ಅಲ್ಲ.

ವಿಂಡೋಸ್ 11

ಇದು 2021ರ ಅಕ್ಟೋಬರ್‌ನಲ್ಲಿ ಬಂತು. ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶದಿಂದ ಮಾತ್ರ ಯಂತ್ರ ಏಳುವ ವ್ಯವಸ್ಥೆ), ಟಿಪಿಎಂ 2.0 (ಸುರಕ್ಷತೆಯ ಕೀಗಳನ್ನು ಕಾಯುವ ಭಾಗ). ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ರೈಜೆನ್ ಆದರೆ 2000 ಸರಣಿಯಿಂದ ಮುಂದಿನದು. ಕಾಗದದ ಮೇಲೆ 4 ಜಿಬಿ ಅಂತಿದ್ದರೂ ನನ್ನ ಮಾತು ಕೇಳಿ, 8 ಜಿಬಿ ಇಲ್ಲದೆ ಹೋಗಬೇಡಿ.

'ಆಗಲ್ಲ' ಅಂತ ಬಂದ ತಕ್ಷಣ ಕೈಬಿಡಬೇಡಿ. ಒಂಬತ್ತನೇ ತಲೆಮಾರಿನ ಐ5 ಇದ್ದೂ 'ನಿಮ್ಮ ಯಂತ್ರ ಅರ್ಹ ಅಲ್ಲ' ಅಂತ ಬರುವುದುಂಟು. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಅದರಲ್ಲಿ ಟಿಪಿಎಂ ಇರುತ್ತದೆ, ಆದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್) ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದರ್ಧ ಏನಂದರೆ, ಅಂಗಡಿಯವರು ಹಳೇ 'ಲೆಗಸಿ' ವಿಧಾನದಲ್ಲಿ ವಿಂಡೋಸ್ ಹಾಕಿಕೊಟ್ಟಿರುತ್ತಾರೆ, ಡಿಸ್ಕ್ ಎಂಬಿಆರ್ ಅನ್ನುವ ಹಳೇ ಹಂಚಿಕೆ ಪದ್ಧತಿಯಲ್ಲಿರುತ್ತದೆ. ಅದನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಿ ಬಯೋಸನ್ನು ಯುಇಎಫ್‌ಐ ಅನ್ನುವ ಹೊಸ ವಿಧಾನಕ್ಕೆ ತಿರುಗಿಸಬೇಕು. ವಿಂಡೋಸ್‌ನಲ್ಲೇ ಇದಕ್ಕೆ ಎಂಬಿಆರ್‌2ಜಿಪಿಟಿ ಅನ್ನುವ ಸಲಕರಣೆ ಇದೆ, ಕಡತ ಅಳಿಸದೆ ಬದಲಿಸುತ್ತದೆ. ಆದರೂ ಬ್ಯಾಕಪ್ ಇಲ್ಲದೆ ಕೈಹಾಕಬೇಡಿ.

ಅರ್ಹ ಯಂತ್ರದಲ್ಲಿ ಅಸಲಿ ವಿಂಡೋಸ್ 10 ಇದ್ದರೆ 11ಕ್ಕೆ ದುಡ್ಡು ಕೊಡಬೇಕಿಲ್ಲ. ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಸಿಗುವ ಕೀ ಬೇಡ. 'ಆಕ್ಟಿವೇಟರ್' ಓಡಿಸಿ ಹಾಕಿಕೊಡುವ ವಿಂಡೋಸ್ ಅಂತೂ ಬೇಡವೇ ಬೇಡ. ಆಂಟಿವೈರಸ್ ಆಫ್ ಮಾಡಿ ಓಡಿಸಿ ಅನ್ನುವ ಪ್ರೋಗ್ರಾಂ ಅದು. ಸುರಕ್ಷತೆಗೆ ಅಂತ ಹೊರಟು ಬಾಗಿಲನ್ನೇ ತೆಗೆದಿಟ್ಟ ಹಾಗಾಯಿತು ಅಲ್ವಾ?

ರೂಫಸ್ ಅನ್ನುವ ಪ್ರೋಗ್ರಾಂ ಬಳಸಿ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸಿದರೆ ಅರ್ಹತೆ ಇಲ್ಲದ ಯಂತ್ರಕ್ಕೂ 11 ಹಾಕಬಹುದು. ಆಗುತ್ತದೆ, ಓಡುತ್ತದೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. 24ಎಚ್2 ಆವೃತ್ತಿಯಿಂದ ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಕೂಡ ಆಗುವುದಿಲ್ಲ. ಇದು ನಿಮ್ಮ ಪ್ರಯೋಗದ ಯಂತ್ರಕ್ಕೆ ಸರಿ. ಅಪ್ಪ ಅಮ್ಮನ ಕಂಪ್ಯೂಟರಿಗೆ ನಾನು ಹಾಕುವುದಿಲ್ಲ.

ಒಂದು ಎಚ್ಚರಿಕೆ. ನನ್ನ ಚಿಕ್ಕಪ್ಪನ ಮಗ ಹೊಸದಾಗಿ 11 ಹಾಕಿಕೊಂಡು, ಆರು ತಿಂಗಳಾದ ಮೇಲೆ ಬಯೋಸ್‌ನಲ್ಲಿ ಏನೋ ಬದಲಿಸಿದ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ಅವನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಮೈಕ್ರೋಸಾಫ್ಟ್ ಖಾತೆ ಹಾಕಿ 24ಎಚ್2 ಅನ್ನು ಹೊಸದಾಗಿ ಹಾಕಿದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. ಕೀ ಇರುವುದು ಆ ಖಾತೆಯಲ್ಲಿ. ಅವನ ಪುಣ್ಯಕ್ಕೆ ಖಾತೆಯ ಪಾಸ್‌ವರ್ಡ್ ನೆನಪಿತ್ತು. ನೀವು ಹಾಕಿದ ದಿನವೇ ಖಾತೆಗೆ ಹೋಗಿ ಆ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ.

ಪ್ರೆಸ್‌ನವರಿಗೆ ಒಂದು ಮಾತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ಪ್ರೋಗ್ರಾಂಗಳು ಓಡುತ್ತವೆ. ಆದರೆ 16 ಬಿಟ್ ಕಾಲದ್ದು ಏನಾದರೂ ಇದ್ದರೆ ಅದು ಅಲ್ಲಿಗೆ ನಿಂತಿತು. ಡಾಂಗಲ್‌ನ ಡ್ರೈವರ್ 64 ಬಿಟ್‌ಗೆ ಇದೆಯಾ ಅಂತ ಆ ಪ್ರೋಗ್ರಾಂ ಮಾರಿದವರನ್ನು ಕೇಳಿಯೇ ಮುಂದುವರಿಯಿರಿ.

ಲಿನಕ್ಸ್ ಮಿಂಟ್

ಹತ್ತಾರು ಲಿನಕ್ಸ್ ಇದ್ದರೂ ವಿಂಡೋಸ್‌ನಿಂದ ಬರುವವರಿಗೆ ನಾನು ಮಿಂಟ್ ಹೇಳುತ್ತೇನೆ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ಮೊದಲ ದಿನ ಕೈ ತಡವರಿಸುವುದಿಲ್ಲ. ಉಬುಂಟು 24.04ರ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಲೈಸೆನ್ಸ್ ದುಡ್ಡಿಲ್ಲ, ಟಿಪಿಎಂ ಕೇಳುವುದಿಲ್ಲ. 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ. ಮೂರನೇ ತಲೆಮಾರಿನ ಐ3, 4 ಜಿಬಿ, ಒಂದು ಎಸ್‌ಎಸ್‌ಡಿ ಇಷ್ಟಿದ್ದರೆ ಬ್ರೌಸರ್, ಪತ್ರ, ವಿಡಿಯೋ ಎಲ್ಲ ನೆಮ್ಮದಿಯಾಗಿ ನಡೆಯುತ್ತದೆ.

ಇದರ ದೊಡ್ಡ ಉಪಕಾರ ಏನಂದರೆ, ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಒಂದು ಸಂಜೆ ಇದಕ್ಕೆ ಕೊಡಿ. ವೈಫೈ ಸಿಗುತ್ತಾ, ಸದ್ದು ಬರುತ್ತಾ, ಪ್ರಿಂಟರ್ ಒಂದು ಹಾಳೆ ಉಗುಳುತ್ತಾ, ನಿಮ್ಮ ಬ್ಯಾಂಕಿನ ಪುಟ ತೆರೆಯುತ್ತಾ. ಎಚ್‌ಪಿ ಪ್ರಿಂಟರ್‌ಗಳು ಬಹುಮಟ್ಟಿಗೆ ತೊಂದರೆ ಕೊಡುವುದಿಲ್ಲ. ನಮ್ಮಲ್ಲಿ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ2900 ಇದೆಯಲ್ಲ, ಅದನ್ನು ಲಿನಕ್ಸ್‌ನಲ್ಲಿ ಓಡಿಸುವುದು ಸಲೀಸಲ್ಲ. ಕ್ಯಾಪ್ಟ್ ಅನ್ನುವ ಬೇರೆಯೇ ಡ್ರೈವರ್ ಬೇಕು, ಅದು ಒಂದೇ ಏಟಿಗೆ ಕೂರುವುದು ಅಪರೂಪ. ಆ ಪ್ರಿಂಟರೇ ನಿಮ್ಮ ಹೊಟ್ಟೆಪಾಡು ಆಗಿದ್ದರೆ ವಿಂಡೋಸ್‌ನಲ್ಲೇ ಇರಿ.

ಇನ್ನು ಕನ್ನಡ. ನುಡಿ ತಂತ್ರಾಂಶ ವಿಂಡೋಸ್‌ನದು. ಆದರೆ ನಮ್ಮ ಬೆರಳುಗಳಿಗೆ ಅಭ್ಯಾಸ ಆಗಿರುವುದು ತಂತ್ರಾಂಶ ಅಲ್ಲ, ಕೀಲಿಮಣೆ ವಿನ್ಯಾಸ. ನುಡಿಯಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ 'ಐಬಸ್-ಎಂ17ಎನ್' ಹುಡುಕಿ ಹಾಕಿಕೊಳ್ಳಿ. ಲಾಗೌಟ್ ಮಾಡಿ ಮತ್ತೆ ಒಳಗೆ ಬನ್ನಿ. ಐಬಸ್‌ನ ಆದ್ಯತೆಗಳಲ್ಲಿ ಕನ್ನಡ ಆರಿಸಿದರೆ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಜೊತೆಗೆ ಕೆಜಿಪಿ ಅಂತ ಒಂದು ಕಾಣುತ್ತದೆ. ಅದೇ ನಮ್ಮದು. ಮನೆಯಲ್ಲಿ ಅಪ್ಪನ ಕಂಪ್ಯೂಟರಿಗೆ ಮಿಂಟ್ ಹಾಕಿದ ದಿನ ಅವರು ಅನುಮಾನದಿಂದಲೇ ಕೂತರು. ಕೆ, ಎಫ್, ಎಕ್ಸ್ ಒತ್ತಿದರು. ಪರದೆಯ ಮೇಲೆ 'ಕ್ಷ' ಬಂತು. ಇನ್ನೇನೂ ಕೇಳದೆ ಸಂಘದ ಸಭೆಯ ನೋಟಿಸ್ ಟೈಪ್ ಮಾಡೋಕೆ ಶುರುಮಾಡಿದರು.

ಲಿಬ್ರೆ ಆಫೀಸ್‌ನಲ್ಲಿ ಒಂದು ಕೆಲಸ ಮೊದಲೇ ಮಾಡಿಬಿಡಿ. ಆಯ್ಕೆಗಳ ಭಾಷಾ ವಿಭಾಗದಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಆನ್ ಮಾಡಿ ಕನ್ನಡ ಆರಿಸಿ. ಕನ್ನಡಕ್ಕೆ ಬೇರೆ ಫಾಂಟು, ಬೇರೆ ಗಾತ್ರ ಅಲ್ಲಿ ಇಡಬೇಕು. ಇದು ಗೊತ್ತಿಲ್ಲದೆ "ಗಾತ್ರ ಬದಲಿಸಿದರೂ ಕನ್ನಡ ಬದಲಾಗಲ್ಲ" ಅಂತ ಒದ್ದಾಡುವವರು ತುಂಬಾ ಜನ. ಹಳೇ ಆಸ್ಕಿ ಕಡತಗಳಾದರೆ, ಆ ಫಾಂಟಿನ ಕಡತವನ್ನು ಮಿಂಟ್‌ಗೆ ನಕಲಿಸಿ ಹಾಕಿಕೊಂಡರೆ ಓದೋಕೆ, ಪ್ರಿಂಟ್ ತೆಗೆಯೋಕೆ ಆಗುತ್ತದೆ. ಹೊಸದಾಗಿ ಆಸ್ಕಿಯಲ್ಲಿ ಬರೆಯೋಕೆ ಆಗುವುದಿಲ್ಲ. ಪ್ರೆಸ್‌ಗೆ ಇನ್ನೂ ಆಸ್ಕಿಯಲ್ಲೇ ಕಳಿಸಬೇಕಾದವರು ಇದನ್ನು ಗಂಭೀರವಾಗಿ ತಗೊಳ್ಳಿ.

ಕ್ರೋಮ್‌ಓಎಸ್ ಫ್ಲೆಕ್ಸ್

ಗೂಗಲ್ 2022ರಲ್ಲಿ ಬಿಡುಗಡೆ ಮಾಡಿದ್ದು, ಪುಕ್ಕಟೆ. 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಸಾಕು. ಬೇಗ ಏಳುತ್ತದೆ, ತಾನೇ ಅಪ್‌ಡೇಟ್ ಆಗುತ್ತದೆ, ಕೆಡಿಸೋಣ ಅಂದರೂ ಕೆಡುವುದು ಕಷ್ಟ. ಆದರೆ ಅದು ಪೂರ್ತಿ ಬ್ರೌಸರ್ ಲೋಕ. ಗೂಗಲ್ ಖಾತೆ ಬೇಕು, ಇಂಟರ್ನೆಟ್ ಇಲ್ಲದಿದ್ದರೆ ಹೆಚ್ಚು ಕೆಲಸ ಆಗುವುದಿಲ್ಲ. ಆಂಡ್ರಾಯ್ಡ್ ಆ್ಯಪ್‌ಗಳೂ ಇದರಲ್ಲಿ ಓಡುವುದಿಲ್ಲ, ತುಂಬಾ ಜನ ಓಡುತ್ತವೆ ಅಂದುಕೊಂಡು ಹಾಕಿ ಬೇಜಾರಾಗುತ್ತಾರೆ. ಗೂಗಲ್ ಪರೀಕ್ಷೆ ಮಾಡಿದ ಮಾಡೆಲ್‌ಗಳ ಪಟ್ಟಿಯಲ್ಲಿ ನಿಮ್ಮದು ಇದ್ದರೆ ಮಾತ್ರ ನಂಬಿ ಹೋಗಬಹುದು. ಆ ಪಟ್ಟಿ ಕಂಪನಿಗಳ ಮಾಡೆಲ್‌ಗಳದ್ದು, ಅಸೆಂಬಲ್ ಮಾಡಿಸಿದ ಯಂತ್ರವಾದರೆ ನೀವೇ ಪೆನ್‌ಡ್ರೈವ್‌ನಿಂದ ಪರೀಕ್ಷಿಸಬೇಕು. ಫೋನ್ ಚಿಕ್ಕದಾಯಿತು, ಮೊಮ್ಮಕ್ಕಳ ಜೊತೆ ದೊಡ್ಡ ಪರದೆಯಲ್ಲಿ ಮಾತಾಡಬೇಕು ಅನ್ನುವ ಅಜ್ಜ ಅಜ್ಜಿಗೆ ಇದು ಒಳ್ಳೇದು.

ಹಾಕುವಾಗ ಸಿಕ್ಕಿಕೊಳ್ಳುವ ಜಾಗಗಳು

ಯಾವ ದಾರಿ ಆದರೂ ಬೇಕಾಗುವುದು 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಮತ್ತೊಂದು ಡಿಸ್ಕ್‌ನಲ್ಲಿ ಬ್ಯಾಕಪ್. ಯುಪಿಎಸ್ ಇದ್ದರೆ ಒಳ್ಳೇದು. ಅರ್ಧದಲ್ಲಿ ಕರೆಂಟ್ ಹೋದರೆ ಮೊದಲಿನಿಂದ ಶುರು.

ಪೆನ್‌ಡ್ರೈವ್‌ನಿಂದ ಯಂತ್ರ ಏಳಿಸಲು ಒತ್ತಬೇಕಾದ ಬೂಟ್ ಮೆನುವಿನ ಕೀ ಡೆಲ್, ಲೆನೊವೊ, ಏಸರ್, ಗಿಗಾಬೈಟ್‌ಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಗೆ ಎಫ್9, ಎಂಎಸ್‌ಐಗೆ ಎಫ್11, ಏಸಸ್ ಬೋರ್ಡಿಗೆ ಎಫ್8. ಕೆಲವು ಯಂತ್ರಗಳಲ್ಲಿ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಮುಂದೆ ಯುಇಎಫ್‌ಐ ಅಂತ ಇರುತ್ತದೆ. ಈಗಿರುವ ವಿಂಡೋಸ್ ಯಾವ ವಿಧಾನದಲ್ಲಿದೆಯೋ ಅದನ್ನೇ ಆರಿಸಿ. ಇಲ್ಲದಿದ್ದರೆ ಎರಡೂ ಓಎಸ್ ಒಂದೇ ಮೆನುವಿಗೆ ಬರುವುದಿಲ್ಲ, ವಿಂಡೋಸ್ ಅಳಿಸಿಹೋಯಿತು ಅಂತ ಗಾಬರಿಯಾಗುತ್ತದೆ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ ಅಂದರೆ ಬಯೋಸ್‌ನಲ್ಲಿ ಸಾಟಾ ವಿಧಾನ (ಬೋರ್ಡು ಡಿಸ್ಕ್‌ ಜೊತೆ ವ್ಯವಹರಿಸುವ ರೀತಿ) ನೋಡಿ. ರೇಡ್ ಅಥವಾ ಆರ್‌ಎಸ್‌ಟಿ ಇದ್ದರೆ ಎಎಚ್‌ಸಿಐಗೆ ಬದಲಿಸಬೇಕು. ಆದರೆ ಅದೇ ಡಿಸ್ಕ್‌ನಲ್ಲಿರುವ ವಿಂಡೋಸ್ ಉಳಿಸಿಕೊಳ್ಳಬೇಕು ಅಂತಿದ್ದರೆ ಏಕಾಏಕಿ ಬದಲಿಸಬೇಡಿ, ಅದು ಏಳುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವ ಹಾಗೆ ಮಾಡಿ, ಆಮೇಲೆ ಬಯೋಸ್ ಬದಲಿಸಿ.

ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಡ್ರೈವರ್ ಇಳಿಸಿಕೊಳ್ಳುವಷ್ಟು ಇಂಟರ್ನೆಟ್ ಬಂದುಬಿಡುತ್ತದೆ.

ವಿಂಡೋಸ್, ಮಿಂಟ್ ಎರಡನ್ನೂ ಇಟ್ಟುಕೊಂಡವರಿಗೆ ಒಂದು ವಿಚಿತ್ರ ಕಾಣುತ್ತದೆ. ಮಿಂಟ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ. ಏನೂ ಕೆಟ್ಟಿಲ್ಲ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ಸ್ಥಳೀಯ ಸಮಯವನ್ನೇ ಬಳಸು ಅಂತ ಮಿಂಟ್‌ನ ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಸರಿಹೋಗುತ್ತದೆ. ಅದೇ ದಿನಾಂಕವೇ ಹತ್ತು ವರ್ಷ ಹಿಂದೆ ಹೋಗಿ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ ಅಂದರೆ ಬೋರ್ಡಿನ ಮೇಲಿನ ಬಟನ್ ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ ತಂದು ಹಾಕಿ.

ವಿಂಡೋಸ್‌ನ ಡ್ರೈವ್‌ಗೆ ಮಿಂಟ್‌ನಿಂದ ಏನೂ ಬರೆಯೋಕೆ ಆಗುತ್ತಿಲ್ಲವಾ? ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಯಾರಿಗೆ ಯಾವುದು

ಟ್ಯಾಲಿ, ಸಹಿ ಟೋಕನ್, ಡಾಂಗಲ್ ಇರುವವರು ವಿಂಡೋಸ್ ಬಿಡಬೇಡಿ. ಯಂತ್ರ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿದ್ದರೆ 11ಕ್ಕೆ ಹೋಗಿ, ದುಡ್ಡು ಹಾಕುವುದಿದ್ದರೆ ರ‍್ಯಾಮ್‌ಗೆ ಹಾಕಿ. ಅದಕ್ಕಿಂತ ಹಳೇದಾದರೆ ಇಎಸ್‌ಯು ಇರುವಷ್ಟು ದಿನ ತಳ್ಳಿ, ಅಷ್ಟರಲ್ಲಿ ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಹುಡುಕಿ. ಕೊಳ್ಳುವಾಗ ಆ ಅಡ್ಡಗೆರೆ ಆದಮೇಲಿನ ಅಂಕಿ ನೋಡಿಯೇ ದುಡ್ಡು ಕೊಡಿ.

ಓದುವ ಮಕ್ಕಳಿಗೆ, ಯೂನಿಕೋಡ್‌ನಲ್ಲಿ ಬರೆಯುವ ಲೇಖಕರಿಗೆ, ಪಿಂಚಣಿಯಲ್ಲಿ ಬದುಕುವವರಿಗೆ ನನ್ನ ಮೊದಲ ಆಯ್ಕೆ ಎಸ್‌ಎಸ್‌ಡಿ ಮತ್ತು ಮಿಂಟ್. ಪಠ್ಯದಲ್ಲಿ ವಿಂಡೋಸ್‌ನದೇ ಪ್ರೋಗ್ರಾಂ ಬೇಕಾದ ಕೋರ್ಸ್ ಇದ್ದರೆ ಮಾತ್ರ ಬೇರೆ ಯೋಚಿಸಿ. ಸಣ್ಣಪುಟ್ಟದ್ದಕ್ಕೂ ನೋಡುವವರು ಹತ್ತಿರ ಯಾರೂ ಇಲ್ಲ, ಬೇಕಿರುವುದು ಬ್ರೌಸರ್ ಮಾತ್ರ ಅಂದರೆ ಫ್ಲೆಕ್ಸ್.

ಇನ್ನೂ ಮನಸ್ಸು ಅತ್ತಿತ್ತ ಆಡುತ್ತಿದೆ ಅನ್ನುವವರು ಹೀಗೆ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಪಕ್ಕದ ತಗಡು ತೆಗೆದು, ಹಳೇ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಅದೇ ಕೇಬಲ್ಲಿಗೆ ಹೊಸ ಎಸ್‌ಎಸ್‌ಡಿ ಸಿಕ್ಕಿಸಿ ಅದಕ್ಕೆ ಮಿಂಟ್ ಹಾಕಿ. ಒಂದು ತಿಂಗಳು ಪೂರ್ತಿ ಕೆಲಸ ಅದರಲ್ಲೇ ಮಾಡಿ ನೋಡಿ. ಒಗ್ಗಲಿಲ್ಲ ಅಂದರೆ ಕೇಬಲ್ ಮತ್ತೆ ಹಳೇ ಡಿಸ್ಕ್‌ಗೆ ಸಿಕ್ಕಿಸಿ. ನಿಮ್ಮ ವಿಂಡೋಸ್, ಕಡತ, ಫೋಟೋ ಎಲ್ಲ ಬಿಟ್ಟ ಜಾಗದಲ್ಲೇ ಇರುತ್ತವೆ.